ಪಾವಟಿಗೆ ಇಲ್ಲದ ಬಾವಿ

ನಮ್ಮ ಓಣಿಯ ಹುಡುಗಿ ಸುಜಾತಾ ನೀರು ಸರಬರಾಜು ಇಲಾಖೆಯಲ್ಲಿ ಇಂಜಿನಿಯರಾಗಿ ಸೇರಿದಳು. ತರಬೇತಿ ಮುಗಿಸಿ ಬಂದವಳು ಪೇಢೆ ಕೊಡಲು ನಮ್ಮ ಮನೆಗೂ ಬಂದಳು. ಅಲ್ಲಿ ಏನು ಕಲಿಸಿದರು ಎಂದು ಕೇಳಿದೆ.

"ಮುಖ್ಯ ಅಂದ್ರ ಎರಡು ಮಾತು ಅಜ್ಜಾರ. ಕೆಲಸದಾಗ ತಾಂತ್ರಿಕ ಪ್ರಾಮಾಣಿಕತೆ ಇರಬೇಕು. ಮತ್ತ ಗ್ರಾಹಕರು ಸಂತುಷ್ಟ ಆಗಬೇಕು."

ನನಗೆ ನಗು ಬಂತು. ಬಾಯಲ್ಲಿ ಪೇಢೆ ಇತ್ತು. ಅದು ಗಂಟಲಿಗೆ ಸಿಕ್ಕಿಕೊಂಡು, ನನ್ನ ಹೆಂಡತಿ ಬಂದು ಬೆನ್ನಿಗೆ ಗುದ್ದಿ ನೀರು ಕುಡಿಸಬೇಕಾಯಿತು.

"ಯಾಕ್ರಿ ಅಜ್ಜಾರ, ತಪ್ಪು ಅದ ಏನು?" ಎಂದು ಸುಜಾತಾ ಕೇಳಿದಳು.

"ತಪ್ಪಿಲ್ಲವ್ವ. ಎರಡೂ ಛಲೋ ಎತ್ತು. ಆದರ ಒಂದು ಎಡಕ್ಕ ಎಳೀತದ, ಇನ್ನೊಂದು ಬಲಕ್ಕ ಎಳೀತದ. ಬಂಡಿ ಹೊಡಿಯಾಕಿ ನೀನು. ಹ್ಯಾಂಗ ಹೊಡಿಬೇಕು ಅಂತ ಏನರ ಹೇಳಿದ್ರೇನು?"

ಅದನ್ನು ಹೇಳಲಿಲ್ಲವಂತೆ. ಹಾಗಾಗಿ ನಾನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಅದನ್ನು ತಡೆದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಆ ಕಥೆಯನ್ನು ನನ್ನ ಹೆಂಡತಿಯೇ ಈಗ ಕೇಳುವುದಿಲ್ಲ, ಓದುವವರು ಯಾಕೆ ಕೇಳಬೇಕು?

ನಾನು ಕೆಲಸಕ್ಕೆ ಸೇರಿದ್ದು ನಿಜಾಮರ ಕಾಲದಲ್ಲಿ, ಬಾವಿ ಕಟ್ಟಿಸುವ ಓವರ್ಸಿಯರ್ ಆಗಿ. ನಲವತ್ತೇಳನೆಯ ಇಸವಿಯ ಆರಂಭದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳನ್ನು ನನ್ನ ಕೊರಳಿಗೆ ಕಟ್ಟಿದರು. ನನಗಿಂತ ಮುಂಚೆ ಇದ್ದವರು ಅಲ್ಲಲ್ಲಿ ಬಾವಿ ತೋಡಿಸಿ ಅರ್ಧಕ್ಕೆ ಬಿಟ್ಟು ಹೋಗಿದ್ದರು. ಅವನ್ನು ಮುಗಿಸುವುದು ನನ್ನ ಪಾಲಿನ ಕೆಲಸ. ತಿರುಗಾಡಲು ಒಂದು ಸೈಕಲ್ ಇತ್ತು. ನಮ್ಮ ಎರೆ ಭೂಮಿಯನ್ನು ಮಳೆಗಾಲದಲ್ಲಿ ಕಂಡವರಿಗೆ ಗೊತ್ತು, ಆ ಕಾಲದಲ್ಲಿ ನಾನು ಸೈಕಲ್ ಮೇಲೆ ಕೂತದ್ದಕ್ಕಿಂತ ಸೈಕಲ್ ನನ್ನ ಹೆಗಲ ಮೇಲೆ ಕೂತದ್ದೇ ಹೆಚ್ಚು.

ಹೊಸ ಬಾವಿ ಯಾಕೆ ಬೇಕಾಗಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಆಗ ಊರೂರಿಗೆ ಇದ್ದದ್ದು ಪಾವಟಿಗೆ ಬಾವಿ. ಪಾವಟಿಗೆ ಎಂದರೆ ಮೆಟ್ಟಿಲು. ಜನ ಮೆಟ್ಟಿಲಿಳಿದು ಹೋಗಿ, ನೀರಿನಲ್ಲಿ ಕಾಲಿಟ್ಟು ಕೊಡ ತುಂಬಿಕೊಳ್ಳುತ್ತಿದ್ದರು. ನಾರು ಹುಣ್ಣು ಎಂಬ ರೋಗ ಹರಡುತ್ತಿದ್ದದ್ದು ಅಲ್ಲಿಂದಲೇ. ಕಾಲಿನಿಂದ ದಾರದಂಥ ಹುಳು ಹೊರಬೀಳುತ್ತಿರುವವನು ನೀರಿಗಿಳಿದರೆ ಅದರ ಮರಿ ನೀರು ಸೇರುತ್ತದೆ. ಆ ನೀರು ಕುಡಿದವರ ಕಾಲಿನಿಂದ ಮುಂದಿನ ವರ್ಷ ಅಂಥದೇ ಹುಳು ಹೊರಡುತ್ತದೆ. ಸರಿಯಾಗಿ ಹೊಲದ ಕೆಲಸದ ದಿನಗಳಲ್ಲೇ ಊರಿನ ಅರ್ಧ ಜನ ಕಾಲು ಚಾಚಿ ಕಟ್ಟೆಯ ಮೇಲೆ ಕೂಡುತ್ತಿದ್ದರು. ಇದಕ್ಕೆ ಮದ್ದು ಒಂದೇ, ನೀರಿಗೆ ಕಾಲು ತಾಗದ ಬಾವಿ. ಸುತ್ತಲೂ ಗೋಡೆ, ಮೇಲೆ ರಾಟೆ, ಹಗ್ಗ ಬಿಟ್ಟು ಸೇದುವುದು. ಪಾವಟಿಗೆ ಇಲ್ಲವೇ ಇಲ್ಲ. ನಕ್ಷೆಯಲ್ಲಿ ಉಳಿದ ಯಾವುದನ್ನಾದರೂ ಬದಲಾಯಿಸಬಹುದು, ಅದೊಂದನ್ನು ಬದಲಾಯಿಸಿದರೆ ಬಾವಿ ಕಟ್ಟಿಯೂ ಕಟ್ಟದಂತೆ.

ಮೊದಲ ಪಾಠ ಆಳಂದ ತಾಲೂಕಿನಲ್ಲಿ ಆಯಿತು. ಅಲ್ಲಿಯ ಗುತ್ತೇದಾರ ಮಲ್ಲಣ್ಣ ಬಾಯಲ್ಲಿ ಬೆಲ್ಲ ಇಟ್ಟುಕೊಂಡೇ ಹುಟ್ಟಿದವನು. ಬಾವಿಯ ಗೋಡೆಗೆ ಸುಣ್ಣ ಮರಳು ಅರೆದು ಗಚ್ಚು ಮಾಡಬೇಕು. ಇವನು ಸುಣ್ಣದ ಜಾಗದಲ್ಲಿ ಒಲೆಯ ಬೂದಿ ಬೆರೆಸುತ್ತಿದ್ದಾನೆಂದು ನನಗೆ ಅನುಮಾನ. ಆಗ ಗಚ್ಚಿನ ಪರೀಕ್ಷೆ ಹೀಗಿತ್ತು: ಅದನ್ನು ಉಂಡೆ ಕಟ್ಟಿ, ಒಣಗಿಸಿ, ನೀರು ತುಂಬಿದ ಚರಿಗೆಯಲ್ಲಿ ಹಾಕಿಡುವುದು. ಕರಗಿದರೆ ನಪಾಸು, ಕರಗದಿದ್ದರೆ ಪಾಸು. ನಾನು ನೇರ ಗೋಡೆಯಿಂದಲೇ ಹಸಿ ಗಚ್ಚು ಕಿತ್ತು ಉಂಡೆ ಕಟ್ಟಿಟ್ಟೆ. ಮಲ್ಲಣ್ಣನೂ ತನ್ನದೊಂದು ತಾಟು ಉಂಡೆ ಸಿದ್ಧ ಮಾಡಿದ.

ಪರೀಕ್ಷೆಗೆ ಬಂದವರು ನಮ್ಮ ಮೊಹತಮೀಮ್ ಸಾಹೇಬರು, ಅಂದರೆ ಜಿಲ್ಲೆಯ ದೊಡ್ಡ ಇಂಜಿನಿಯರು. ಎತ್ತರದ ಆಳು, ಬಿಳಿ ಶೇರವಾನಿ, ದಪ್ಪ ಕನ್ನಡಕ. ಬಿಸಿಲಿನಲ್ಲಿ ಬಂದವರು ಕನ್ನಡಕ ತೆಗೆದು ಮುಖ ಒರೆಸಿಕೊಳ್ಳುತ್ತ ಕೂತರು. ಮಲ್ಲಣ್ಣ ಆದರದಿಂದ ರವೆ ಉಂಡೆಯ ತಾಟು ತಂದು ಗಚ್ಚಿನ ಉಂಡೆಯ ತಾಟಿನ ಪಕ್ಕದಲ್ಲಿಟ್ಟ. ಎರಡೂ ಬೆಳ್ಳಗೆ, ಎರಡೂ ದುಂಡಗೆ. ಸಾಹೇಬರು ಮಾತಾಡುತ್ತಲೇ ಕೈ ಚಾಚಿದರು. ನಾನು "ಹುಜೂರ್" ಎನ್ನುವಷ್ಟರಲ್ಲಿ ಕಟಕ್ ಎಂದು ಸದ್ದಾಯಿತು.

ಸಾಹೇಬರು ದವಡೆ ಹಿಡಿದುಕೊಂಡು ಉಂಡೆಯನ್ನು ಹೊರಗೆ ತೆಗೆದರು. ಉಂಡೆಗೆ ಏನೂ ಆಗಿರಲಿಲ್ಲ.

"ಗಚ್ಚು ಪಾಸ್" ಎಂದರು.

ಮಲ್ಲಣ್ಣ ಕೈ ಮುಗಿದ. ನಾನು ಗೋಡೆಯಿಂದ ಕಿತ್ತ ನನ್ನ ಉಂಡೆಯೊಂದನ್ನು ಅವರ ಅಂಗೈಗೆ ಕೊಟ್ಟೆ. ಸುಮ್ಮನೆ ಮುಷ್ಟಿ ಕಟ್ಟಿದ್ದಷ್ಟೆ, ಅದು ಹಿಟ್ಟಾಗಿ ಬೆರಳಸಂದಿಯಿಂದ ಉದುರಿತು. ಸಾಹೇಬರು ಕನ್ನಡಕ ಹಾಕಿಕೊಂಡು ಮಲ್ಲಣ್ಣನನ್ನು ನೋಡಿದರು.

"ಅರೇ ಮಿಯಾ, ಹಲ್ಲಿಗೊಂದು ಗಚ್ಚು, ಬಾವಿಗೊಂದು ಗಚ್ಚು ಏನು?"

ಗೋಡೆ ಕೆಡವಿಸಿ ಮತ್ತೆ ಕಟ್ಟಿಸಿದೆವು. ಮಲ್ಲಣ್ಣ ಅಂದಿನಿಂದ ನನ್ನ ನೆರಳು ಕಂಡರೆ ದಾರಿ ಬಿಟ್ಟು ನಡೆಯುತ್ತಿದ್ದ. ಸಾಹೇಬರು ಮಾತ್ರ ನನ್ನನ್ನು ನೋಡಿದಾಗಲೆಲ್ಲ ದವಡೆ ಸವರಿಕೊಳ್ಳುವುದನ್ನು ರೂಢಿ ಮಾಡಿಕೊಂಡರು. ಅದು ಪ್ರೀತಿಯೋ ನೋವೋ ನನಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಎರಡನೆಯ ಪಾಠ ಅಫಜಲಪುರದ ಕಡೆ ಗೊಬ್ಬೂರಿನಲ್ಲಿ. ಅಲ್ಲಿಯ ಸೇದುವ ಬಾವಿ ಮುಗಿದಿತ್ತು, ಜನ ಬಳಸುತ್ತಿದ್ದರು. ರಾಟೆ ಮಾತ್ರ ಹೆರಿಗೆ ನೋವು ಬಂದ ಎಮ್ಮೆಯ ಹಾಗೆ ಕೂಗುತ್ತಿತ್ತು. ನಾನು ಹೋದವನೇ ಎಣ್ಣೆ ಹಾಕಿಸಿದೆ. ಅದು ಸದ್ದಿಲ್ಲದೆ ತಿರುಗತೊಡಗಿತು. ಒಳ್ಳೆಯ ಕೆಲಸ ಮಾಡಿದೆನೆಂದು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದೆ, ಊರ ಮುದುಕಿಯರ ಒಂದು ದಂಡು ಬಂದು ಸುತ್ತ ನಿಂತಿತು.

"ಯಾರನ್ನ ಕೇಳಿ ಎಣ್ಣಿ ಹಾಕಿದಿ ತಮ್ಮಾ?" ಎಂದು ಮುಂದೆ ನಿಂತವಳು ಕೇಳಿದಳು.

"ರಾಟಿ ಚೀರತಿತ್ತಲ್ರಿ ಆಯಿ."

"ಚೀರಲಿ. ಅದು ಚೀರಿದ್ರ ಸೊಸಿ ನೀರು ಸೇದಾಕತ್ತಾಳ ಅಂತ ಮನ್ಯಾಗ ಕುಂತೇ ನಮಗ ತಿಳೀತಿತ್ತು. ಈಗ ಸೇದತಾಳೋ, ನಿಂತು ಹರಟಿ ಹೊಡೀತಾಳೋ, ನಾವು ಹ್ಯಾಂಗ ತಿಳಕೋಬೇಕು?"

ಎಣ್ಣೆ ಒರೆಸಿ ತೆಗೆಯಬೇಕೆಂದು ಅವರ ಹಟ. ಅವರು ಅತ್ತ ಹೋದ ಕೂಡಲೇ ಬಾವಿಯ ಹತ್ತಿರವಿದ್ದ ಸೊಸೆಯಂದಿರಲ್ಲಿ ಒಬ್ಬಳು ಸೆರಗಿನ ಮರೆಯಿಂದ ಹೇಳಿದಳು, "ಒರಸಬ್ಯಾಡ್ರಿ ಅಣ್ಣಾ. ರಟ್ಟಿ ನೋವು ಕಡಿಮಿ ಆಗೇದ. ನಿಮ್ಮ ಕೈಗೆ ಪುಣ್ಯ ಬರಲಿ."

ನಾನು ಬುತ್ತಿ ಕಟ್ಟಿಟ್ಟೆ. ಇಬ್ಬರೂ ನನ್ನ ಗ್ರಾಹಕರೇ. ಬಹಳ ಯೋಚಿಸಿ ಒಂದು ನಿಯಮ ಮಾಡಿಕೊಂಡೆ, ಅದನ್ನು ಮುಂದೆ ನಿವೃತ್ತಿಯವರೆಗೂ ಬಿಡಲಿಲ್ಲ: ಹಗ್ಗ ಯಾರ ಕೈಯಲ್ಲಿ ಇರುತ್ತದೆಯೋ ಅವರ ಮಾತು ಮೊದಲು. ಎಣ್ಣೆ ಉಳಿಯಿತು. ಅತ್ತೆಯಂದಿರ ಸಮಾಧಾನಕ್ಕೆ ರಾಟೆಯ ಕಂಬಕ್ಕೆ ಒಂದು ಎತ್ತಿನ ಗಂಟೆ ಕಟ್ಟಿಸಿದೆ, ಹಗ್ಗ ಎಳೆದಾಗ ಅದು ಅಲ್ಲಾಡುತ್ತಿತ್ತು. ಮುಂದಿನ ಸಲ ಹೋದಾಗ ನೋಡುತ್ತೇನೆ, ಸೊಸೆಯಂದಿರೆಲ್ಲ ಕಟ್ಟೆಯ ಮೇಲೆ ಕೂತು ನಗುತ್ತಿದ್ದಾರೆ, ಒಬ್ಬಳು ಮಾತ್ರ ಸರದಿಯ ಪ್ರಕಾರ ಗಂಟೆ ಅಲ್ಲಾಡಿಸುತ್ತಿದ್ದಾಳೆ. ಊರಿನಲ್ಲಿ ಅತ್ತೆಯಂದಿರು ಬಹಳ ಸಂತೋಷದಿಂದ ಇದ್ದರು. ಗ್ರಾಹಕರ ಸಂತುಷ್ಟಿ ಎಂದರೆ ಅದೇ ಇರಬೇಕು.

ಈ ಎರಡು ಪಾಠ ಕಲಿತೆನೆಂದು ಬೀಗುತ್ತ ನಾನು ಜೇವರ್ಗಿ ತಾಲೂಕಿಗೆ ಹೋದೆ. ಅಲ್ಲಿ ನೆಲೋಗಿಯಿಂದ ಆಚೆ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ಅಲ್ಲಿಯವರು ಇನ್ನೂ ನನ್ನನ್ನು ಕಂಡರೆ ಚೇಷ್ಟೆ ಮಾಡುತ್ತಾರೆ. ಬೇಸಿಗೆ ಹತ್ತಿರ ಬಂದಿತ್ತು. ಹೊಸ ಬಾವಿಗೆ ಒಳ್ಳೆಯ ನೀರು ಬಿದ್ದಿತ್ತು, ಸಿಹಿನೀರು. ಒಳಗಿನ ಗೋಡೆ ಮುಗಿದು ಮೇಲಿನ ಕಟ್ಟೆಯಷ್ಟೇ ಬಾಕಿ. ಆದರೆ ಊರಿನ ಒಬ್ಬ ಹೆಂಗಸೂ ಅತ್ತ ಮುಖ ಹಾಕಲಿಲ್ಲ. ಎಲ್ಲರೂ ಹಳೆಯ ಪಾವಟಿಗೆ ಬಾವಿಗೇ ಹೋಗುತ್ತಿದ್ದರು. ಅದರ ನೀರು ತಳ ಕಾಣುತ್ತಿತ್ತು, ಮೊಣಕಾಲುದ್ದ ಇಳಿದು ತುಂಬಬೇಕಿತ್ತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರೆ. ಇಲ್ಲಿ ಊರಿನಲ್ಲೇ ಇದ್ದವರು ನನ್ನ ನೀರಿಗೆ ಬರಲಿಲ್ಲ.

ಕಾರಣ ಇಬ್ಬರು. ಒಬ್ಬರು ಊರ ಗೌಡರು ಬಸಲಿಂಗಪ್ಪ. ಇವರು ಆ ಭಾಗದ ಹೆಸರಾದ ಈಜುಗಾರರು. ಹೊಟ್ಟೆ ಎಷ್ಟು ಬೆಳೆದಿದ್ದರೂ ಬೇಸಿಗೆಯಲ್ಲಿ ಬಾವಿಗೆ ಹಾರುವುದನ್ನು ಬಿಟ್ಟಿರಲಿಲ್ಲ. ಹಳೆಯ ಬಾವಿಯಲ್ಲಿ ನೀರು ಬತ್ತುತ್ತಿತ್ತು, ಹೊಸದರಲ್ಲಿ ಹಾರಬಹುದು, ಆದರೆ ಹತ್ತಿ ಬರಲು ಪಾವಟಿಗೆ ಇಲ್ಲ. "ಪಾವಟಿಗಿ ಇಲ್ಲದ ಬಾವಿ ಅಂದ್ರ ಬಾಗಿಲ ಇಲ್ಲದ ಮನಿ ಇದ್ದಂಗರಿ ಸಾಯಬ್ರ" ಎನ್ನುತ್ತಿದ್ದರು. ಅವರನ್ನು ನಾನು ಹೇಗೋ ನಿಭಾಯಿಸುತ್ತಿದ್ದೆ.

ನಿಭಾಯಿಸಲಾಗದವಳು ನಿಂಬೆವ್ವ. ಊರಿನ ಸೂಲಗಿತ್ತಿ. ಹುಟ್ಟಿದ ಪ್ರತಿ ಕೂಸೂ ಮೊದಲು ನೋಡಿದ್ದು ಅವಳ ಮುಖವನ್ನೇ, ಹಾಗಾಗಿ ಇಡೀ ಊರು ಅವಳಿಗೆ ಹೆದರುತ್ತಿತ್ತು. ಬಾಣಂತಿ ಮೊದಲ ಸಲ ಮನೆಯಿಂದ ಹೊರಬಂದು ಬಾವಿಗೆ ಹೋಗಿ ಗಂಗವ್ವನ ಪೂಜೆ ಮಾಡುವ ಪದ್ಧತಿ ನಮ್ಮಲ್ಲಿದೆ. ನೀರಿನ ಅಂಚಿನ ಪಾವಟಿಗೆಯ ಮೇಲೆ ಐದು ಹರಳಿಟ್ಟು, ಅರಿಸಿನ ಕುಂಕುಮ ಹಚ್ಚಿ, ಗಂಗವ್ವನಿಗೆ ಕಾಲು ತಾಗಿಸಿ, ತುಂಬಿದ ಕೊಡದೊಂದಿಗೆ ಮನೆಗೆ ಬರುತ್ತಾರೆ. ಬಾಣಂತಿ ಎಲ್ಲಿ ಗಂಗಿ ಪೂಜೆ ಮಾಡುತ್ತಾಳೋ ಅದೇ ಊರಿಗೆ ಕುಡಿಯುವ ನೀರಿನ ಬಾವಿ. ಈ ಪೂಜೆಯನ್ನೆಲ್ಲ ಮುಂದೆ ನಿಂತು ಮಾಡಿಸುವವಳು ನಿಂಬೆವ್ವ. ಈಗ ಅವಳ ಸ್ವಂತ ಸೊಸೆ ಶರಣಮ್ಮ ಹೆಣ್ಣು ಹಡೆದು ಬಾಣಂತನದಲ್ಲಿದ್ದಳು. ಪೂಜೆ ಹತ್ತಿರ ಬಂದಿತ್ತು.

ಶರಣಮ್ಮನಿಗೆ ಹಿಂದಿನ ವರ್ಷ ನಾರು ಹೊರಟು, ಎಡಗಾಲು ಇನ್ನೂ ಸರಿಯಾಗಿ ಊರಲು ಬರುತ್ತಿರಲಿಲ್ಲ. ಗೋಡೆ ಹಿಡಿದು ನಡೆಯುತ್ತಿದ್ದಳು. ಅವಳ ಗಂಡನಿಗೆ ಈ ವರ್ಷ ಹೊರಡುತ್ತಿತ್ತು, ಅವನು ಕಾಲು ಚಾಚಿ ಪಡಸಾಲೆಯಲ್ಲಿದ್ದ. ಆ ಮನೆಯಲ್ಲಿ ಕೂತು ನಾನು ನಿಂಬೆವ್ವನಿಗೆ ಹುಳುವಿನ ಕಥೆಯನ್ನೆಲ್ಲ ಹೇಳಿದೆ.

ಅವಳು ನಕ್ಕಳು. "ನೀರಾಗ ಹುಳ ಅದ ಅಂದ್ರ ನಮ್ಮಪ್ಪನ ಕಾಲದಿಂದ ಕುಡದ ನಾವು ಎಂದೋ ಸತ್ತು ಹೋಗಬೇಕಿತ್ತಲ್ಲೋ ತಮ್ಮಾ. ನಾರು ಹಣಿಯಾಗ ಬರದದ್ದು. ಕಾಲಾಗ ಬರತದ."

"ಹಣ್ಯಾಗ ಬರದದ್ದು ಕಾಲಾಗ ಯಾಕ ಬರತದ ಆಯಿ?"

"ಅದನ್ನ ಬರದಾವನ್ನ ಕೇಳು. ಗಂಗವ್ವನ ಹಂತೇಕ ಹೋಗಾಕ ದಾರಿ ಇಲ್ಲದ ಬಾವಿಗೆ ನನ್ನ ಸೊಸೀನ ಕಳಸಂಗಿಲ್ಲ."

ಅಷ್ಟರಲ್ಲಿ ಗೌಡರು ಗುಲಬರ್ಗಾಕ್ಕೆ ಹೋಗಿ ದೂರು ಕೊಟ್ಟು ಬಂದರು. ಮೊಹತಮೀಮ್ ಸಾಹೇಬರಿಂದ ನನಗೆ ಕರೆ ಬಂತು. ಜಿಲ್ಲೆಗೆಲ್ಲ ಹಿರಿಯರಾದ ತಾಲೂಕದಾರ್ ಸಾಹೇಬರು ಆ ಬಾವಿಯನ್ನು ನೋಡಲು ಬರುವವರಿದ್ದರು. ಜನ ಬಳಸದ ಬಾವಿಯನ್ನು ಅವರಿಗೆ ತೋರಿಸುವುದು ಹೇಗೆ ಎಂಬ ಚಿಂತೆ ನಮ್ಮ ಸಾಹೇಬರಿಗೆ.

"ಜನ ಪಾವಟಿಗಿ ಕೇಳಾಕತ್ತಾರ. ಕೊಟ್ಟು ಬಿಡು ಮಿಯಾ" ಎಂದರು, ದವಡೆ ಸವರುತ್ತ.

"ಹುಜೂರ್, ಪಾವಟಿಗಿ ಕೊಟ್ಟರ ಬಾವಿ ಉಳೀತದ, ಬಾವಿ ಕಟ್ಟಿದ ಕಾರಣ ಉಳಿಯಂಗಿಲ್ಲ. ಇವತ್ತು ಕೇಳಿದ್ದು ಕೊಟ್ಟರ ಬರೋ ವರ್ಷ ಕಾಲಿಗೆ ಹುಳ ಕೊಟ್ಟಂಗಾಗತದ."

ಅವರಿಗೂ ಅದು ಗೊತ್ತು. ಒಳ್ಳೆಯ ಇಂಜಿನಿಯರು ಅವರು. ಆದರೆ ಮೇಲಿನವರು ಬರುವ ದಿನ ಹತ್ತಿರವಾದಾಗ ಒಳ್ಳೆಯ ಇಂಜಿನಿಯರು ಕೂಡ ಬೆವರುತ್ತಾನೆ. "ನಾನು ಬಂದಾಗ ಅಲ್ಲಿ ಪಾವಟಿಗಿ ಕಾಣಬೇಕು, ಬಾವಿ ಮ್ಯಾಲ ಹೆಂಗಸರು ಕಾಣಬೇಕು. ಇಲ್ಲಂದ್ರ ಈ ಜಿಲ್ಲಾದಾಗ ನೀ ಕಾಣಬಾರದು" ಎಂದರು.

ಹೊಸ ನೌಕರಿ, ಹೊಸ ಮದುವೆ. ಸೈಕಲ್ ತುಳಿಯುತ್ತ ವಾಪಸು ಬರುವಾಗ ನಾನು ಹೆದರಿದ್ದೆ, ಸುಳ್ಳು ಹೇಳುವುದಿಲ್ಲ. ಕೆಲಸ ಹೋದರೆ ಹೆಂಡತಿಗೆ ಏನು ಹೇಳಲಿ ಎಂಬುದು ಒಂದು ಕಡೆ. ಪಾವಟಿಗೆ ಕೊಟ್ಟರೆ ಶರಣಮ್ಮನ ಆ ಕೂಸು ನಡೆಯಲು ಕಲಿಯುವ ಹೊತ್ತಿಗೆ ಅದರ ಕಾಲಿನಲ್ಲೂ ದಾರ ಹೊರಡುತ್ತದಲ್ಲ ಎಂಬುದು ಇನ್ನೊಂದು ಕಡೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ಏಟು ಯಾವುದು ಎಂದು ಗೊತ್ತಿಲ್ಲ.

ಗೊಬ್ಬೂರು ನೆನಪಿಗೆ ಬಂತು. ಹಗ್ಗ ಹಿಡಿಯುವವರನ್ನು ನಾನಿನ್ನೂ ಸರಿಯಾಗಿ ಕೇಳಿಯೇ ಇರಲಿಲ್ಲ. ಇಷ್ಟು ದಿನ ಹುಳುವಿನ ಬಗ್ಗೆ ಭಾಷಣ ಮಾಡಿದ್ದೆನೇ ಹೊರತು ಪಾವಟಿಗೆ ಅವರಿಗೆ ಯಾಕೆ ಬೇಕು ಎಂದು ಕೇಳಿರಲಿಲ್ಲ. ನೇರ ಹಳೆಯ ಬಾವಿಗೆ ಹೋದೆ. ನಿಂಬೆವ್ವ ಮೇಲಿನ ಪಾವಟಿಗೆಯ ಮೇಲೆ ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತಿದ್ದಳು. ನಾನೂ ಎರಡು ಪಾವಟಿಗೆ ಕೆಳಗೆ ಕೂತೆ.

"ಆಯಿ, ಈ ಪಾವಟಿಗಿ ಏನೇನು ಕೆಲಸಕ್ಕ ಬರತಾವ, ಒಂದೊಂದೇ ಹೇಳು."

"ಹುಚ್ಚು ಹಿಡದದೇನೋ ನಿನಗ?"

"ಹೇಳವ್ವ ನನ್ನ ತಾಯಿ."

ಅವಳು ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು. ತುಂಬಿದ ಕೊಡ ತಲೆಗೆ ಏರಿಸುವಾಗ ನಡುವೆ ಒಮ್ಮೆ ಇಡಲು ಎತ್ತರ ಬೇಕು, ಅದಕ್ಕೆ ಪಾವಟಿಗೆ. ಕಾಯುವಾಗ ಕೂಡಲು ಪಾವಟಿಗೆ. ತವರಿನ ಸುದ್ದಿ ಮಾತಾಡಲು ಪಾವಟಿಗೆ. ಯಾರ ಸೊಸೆ ಯಾವ ಸೀರೆ ಉಟ್ಟಿದ್ದಾಳೆ ಎಂದು ಕೆಳಗಿನಿಂದ ಮೇಲಿನವರೆಗೆ ಸರಿಯಾಗಿ ನೋಡಲು ಪಾವಟಿಗೆ. ಐದು ಹರಳು ಇಡಲು ಪಾವಟಿಗೆ. ಕೊನೆಗೆ, ಬಾಣಂತಿಯ ಕಾಲು ಗಂಗವ್ವನಿಗೆ ತಾಗಲು ಪಾವಟಿಗೆ.

ನಾನು ಕೂತಲ್ಲೇ ಕುಣಿಯುವುದೊಂದು ಬಾಕಿ. ಇಷ್ಟರಲ್ಲಿ ಬಾವಿಯ ಒಳಗೆ ಇಳಿಯಲೇಬೇಕಾದ ಕೆಲಸ ಒಂದೇ ಒಂದು, ಆ ಕೊನೆಯದು. ಉಳಿದದ್ದೆಲ್ಲ ಬಾವಿಯ ಹೊರಗೂ ಆಗುತ್ತದೆ.

"ಆಯಿ, ನಿನ್ನ ಮಗಳು ಬಾಣಂತೀನ ನೋಡೂದಿದ್ರ, ಬಾಣಂತೀನ ಆಕೀ ಊರಿಗೆ ನಡಸಿಕೊಂಡು ಹೋಗತೀಯೋ, ಮಗಳನ್ನೇ ಇಲ್ಲಿಗೆ ಕರಸತೀಯೋ?"

"ಮಗಳನ್ನ ಕರಸತೇನಿ."

"ಗಂಗವ್ವ ಈ ಊರಿನ ಮಗಳೋ ಅಲ್ಲೋ?"

ನಿಂಬೆವ್ವ ಅಡಿಕೆ ಜಗಿಯುವುದನ್ನು ನಿಲ್ಲಿಸಿದಳು.

"ಬಾಣಂತಿ ಕುಂಟಕೋತ ಕೆಳಗ ಇಳಿಯೋದು ಯಾಕ? ಗಂಗವ್ವನೇ ಮ್ಯಾಲ ಬರಲಿ. ಪಾವಟಿಗಿ ನಾ ಕೊಡತೇನಿ, ಹೊರಗಿಂದ ಮ್ಯಾಲ ಹತ್ತೂವಂಥವು. ಬಾಣಂತಿ ಅಲ್ಲಿ ನಿಂದರಲಿ, ಸೇದಿದ ನೀರು ಆಕೀ ಕಾಲಿಗೆ ಬೀಳಲಿ."

ಅವಳು ಎಲೆಅಡಿಕೆ ಚೀಲ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮಗಳು ಕರೀಲಾರದ ಬರತಾಳೇನೋ? ಐದು ಮಂದಿ ಮುತ್ತೈದೇರು ಹೋಗಿ ಕರದು ತರಬೇಕು."

"ಹಗ್ಗ ನಾ ಕೊಡತೇನಿ. ಕರಿಯೋದು ನಿಮ್ಮ ಕೆಲಸ."

"ನೋಡೋಣ" ಎಂದಳಷ್ಟೆ. ಹೂಂ ಎನ್ನಲಿಲ್ಲ. ನಿಂಬೆವ್ವ ಊಹೂಂ ಎನ್ನದಿದ್ದದ್ದೇ ಆ ಊರಿನಲ್ಲಿ ದೊಡ್ಡ ಸುದ್ದಿಯಾಯಿತು.

ಕೆಲಸ ಶುರು ಮಾಡಿದೆವು. ಬಾವಿಯ ಸುತ್ತ ಎತ್ತರದ ಜಗಲಿ ಕಟ್ಟಿ, ಹೊರಗಿನಿಂದ ಅದಕ್ಕೆ ಹತ್ತಲು ಅಗಲವಾದ ಫರಸಿ ಕಲ್ಲಿನ ಪಾವಟಿಗೆ. ಕೊಡ ಇಟ್ಟು ತಲೆಗೇರಿಸಿಕೊಳ್ಳಲು ಹೆಂಗಸರನ್ನೇ ಕರೆದು ಅಳತೆ ತೆಗೆದುಕೊಂಡ ಕಟ್ಟೆ. ಮೂಡಣ ದಿಕ್ಕಿಗೆ ಐದು ಹರಳು ಇಡಲು ಗೂಡು. ಚೆಲ್ಲಿದ ಒಂದು ಹನಿಯೂ ಬಾವಿಗೆ ಮರಳಬಾರದು, ಅದಕ್ಕೆ ಇಳಿಜಾರು ಕೊಟ್ಟು, ಕಾಲುವೆ ತೆಗೆದು, ದೂರದ ದನದ ತೊಟ್ಟಿಗೆ ಬಿಟ್ಟೆ. ನಮ್ಮ ಮಿಸ್ತ್ರಿ ಹುಸೇನಸಾಬ ಕೈಯಲ್ಲಿ ಕರಣಿ ಹಿಡಿದು ತಲೆ ಕೆರೆದುಕೊಂಡ. "ಸಾಬ್, ನನ್ನ ಜನ್ಮದಾಗ ಬಾವಿ ಪಾವಟಿಗಿ ನೀರಿನ ಕಡಿ ಹೋಗೂದು ನೋಡೇನಿ. ಮುಗಲಿನ ಕಡಿ ಹೋಗೂದು ಇದೇ ಮೊದಲ."

ಗೌಡರು ದಿನವೂ ಬಂದು ನೋಡಿ, "ಇದರಾಗ ಈಜಬೇಕಂದ್ರ ಹಾರೂದು ಖರೇ, ಬರೂದು ಹ್ಯಾಂಗ?" ಎಂದು ಅದೇ ಪ್ರಶ್ನೆ ಕೇಳಿ ಹೋಗುತ್ತಿದ್ದರು.

ಆ ದಿನ ಬಂದೇ ಬಂತು. ಬೆಳಿಗ್ಗೆ ತಾಲೂಕದಾರ್ ಸಾಹೇಬರು, ನಮ್ಮ ಸಾಹೇಬರು ಮೋಟಾರಿನಲ್ಲಿ ಬಂದು ಹೊಸ ಬಾವಿಯ ಹತ್ತಿರ ನೆರಳಿನಲ್ಲಿ ಕೂತರು. ಬಾವಿಯ ಮೇಲೆ ಒಬ್ಬ ಹೆಂಗಸೂ ಇಲ್ಲ. ನಮ್ಮ ಸಾಹೇಬರು ಪಾವಟಿಗೆ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

"ಇವು ಹೊರಗ ಅವಲ್ಲೋ" ಎಂದು ಪಿಸುಗುಟ್ಟಿದರು.

"ಹೌದ್ರಿ ಹುಜೂರ್."

"ಮ್ಯಾಲ ಹೋಗಾಕತ್ಯಾವಲ್ಲೋ."

"ಹೌದ್ರಿ ಹುಜೂರ್."

ಅವರು ಮತ್ತೇನೋ ಹೇಳುವುದರಲ್ಲಿದ್ದರು, ಅಷ್ಟರಲ್ಲಿ ಓಣಿಯಿಂದ ಹಲಗೆ ಬಾರಿಸುವ ಸದ್ದು ಕೇಳಿಸಿತು. ಶರಣಮ್ಮನ ಗಂಗಿ ಪೂಜೆಯ ಮೆರವಣಿಗೆ. ಮುಂದೆ ನಿಂಬೆವ್ವ, ಹಿಂದೆ ಕೊಡ ಹೊತ್ತ ಮುತ್ತೈದೆಯರು, ನಡುವೆ ತಲೆಗೆ ಬಟ್ಟೆ ಕಟ್ಟಿಕೊಂಡ ಶರಣಮ್ಮ, ಕೂಸು ಯಾರದೋ ಕಂಕುಳಲ್ಲಿ. ಊರ ಬಾಗಿಲ ಮುಂದೆ ದಾರಿ ಎರಡಾಗುತ್ತದೆ. ಎಡಕ್ಕೆ ಹೋದರೆ ಹಳೆಯ ಬಾವಿ, ಬಲಕ್ಕೆ ನನ್ನದು. ಅಲ್ಲಿ ಬಂದು ನಿಂಬೆವ್ವ ನಿಂತಳು. ಹಲಗೆಯೂ ನಿಂತಿತು. ನಾನು ಓಡಿ ಅವರ ಹತ್ತಿರ ಹೋದೆ. ನನ್ನ ನೌಕರಿ, ಆ ಊರಿನ ಕಾಲುಗಳು, ಎಲ್ಲ ಆ ಮುದುಕಿಯ ಪಾದದ ದಿಕ್ಕಿಗೆ ಜೋತುಬಿದ್ದಿದ್ದವು.

ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಆಮೇಲೆ ಹಿಂದಕ್ಕೆ ತಿರುಗಿದಳು.

"ಶರಣಿ, ನಾ ಇನ್ನ ಎಷ್ಟು ದಿನ ನೀರು ಹೊತ್ತೇನು? ನಾಳಿಂದ ಹೊರಾಕಿ ನೀನು. ಎಲ್ಲಿಗೆ ಹೋಗೂಣ, ನೀ ಹೇಳು."

ಅತ್ತೆ ಸೊಸೆಯನ್ನು ಹೀಗೆ ಕೇಳಿದ್ದನ್ನು ಆ ಊರು ಎಂದೂ ಕಂಡಿರಲಿಲ್ಲ. ಶರಣಮ್ಮ ತಲೆ ತಗ್ಗಿಸಿ ತನ್ನ ಎಡಗಾಲನ್ನೇ ನೋಡಿದಳು.

"ಅತ್ತಿ, ಇಳಿಯಾಕ ಈ ಕಾಲು ಒಲ್ಲೆ ಅಂತದ. ಹತ್ತತೇನಿ."

ಹಲಗೆ ಬಲಕ್ಕೆ ತಿರುಗಿತು. ನನಗೆ ಕಣ್ಣೀರು ಬಂತು, ನಗುವೂ ಬಂತು, ಯಾವುದನ್ನು ಮೊದಲು ಒರೆಸಿಕೊಳ್ಳಬೇಕೋ ತಿಳಿಯಲಿಲ್ಲ. ಶರಣಮ್ಮ ನಿಂಬೆವ್ವನ ಹೆಗಲು ಹಿಡಿದು ಒಂದೊಂದೇ ಪಾವಟಿಗೆ ಹತ್ತಿದಳು. ಐದು ಮಂದಿ ಹಾಡು ಹೇಳುತ್ತ ಹಗ್ಗ ಎಳೆದರು, ಗಂಗವ್ವ ರಾಟೆಯ ಮೇಲೆ ಏರಿ ಬಂದಳು. ಗೂಡಿನಲ್ಲಿ ಹರಳು ಕೂತವು, ಬಾಣಂತಿಯ ಕಾಲಿಗೆ ನೀರು ಬಿತ್ತು. ಆ ನೀರು ನಾನು ಹೇಳಿದ ಮಾತು ಕೇಳಿ ಕಾಲುವೆಯಲ್ಲೇ ಹರಿದು ದನದ ತೊಟ್ಟಿಗೆ ಹೋಯಿತು. ಅಲ್ಲಿಗೆ ಬಾವಿ ಊರಿನದಾಯಿತು.

ತಾಲೂಕದಾರ್ ಸಾಹೇಬರು "ಬಹುತ್ ಖೂಬ್" ಎಂದರು. ಗೌಡರಿಗೆ ಇದನ್ನು ಸಹಿಸಲಾಗಲಿಲ್ಲ. ಜಗಲಿಯ ಹತ್ತಿರ ಬಂದು, "ಎಲ್ಲಾ ಖರೇ, ನನ್ನ ಈಜಿನ ಗತಿ ಏನು?" ಎಂದು ಕೇಳಿದರು. ನಿಂಬೆವ್ವ ತುಂಬಿದ ಕೊಡವೊಂದನ್ನು ಎತ್ತಿ, ರುಮಾಲಿನ ಸಮೇತ ಅವರ ತಲೆಯ ಮೇಲೆ ಸುರಿದಳು.

"ಗೌಡ್ರ, ನೀವು ಗಂಗವ್ವನ ಹಂತೇಕ ಹೋಗೂದು ಬ್ಯಾಡ. ಆಕೀನೇ ನಿಮ್ಮ ಹಂತೇಕ ಬಂದಾಳ."

ಸುರಿದವಳು ಅವರನ್ನು ಈ ಲೋಕಕ್ಕೆ ತಂದ ಸೂಲಗಿತ್ತಿ, ಗೌಡರು ಏನು ತಾನೆ ಹೇಳಿಯಾರು? ಮೀಸೆಯಿಂದ ನೀರು ಸೋರುತ್ತ ತಾವೂ ನಗತೊಡಗಿದರು. ಆಮೇಲೆ ಆ ದಿನ ಯಾರು ಯಾರ ಮೇಲೆ ಎಷ್ಟು ನೀರು ಸುರಿದರೋ ಲೆಕ್ಕವಿಲ್ಲ. ನಮ್ಮ ಸಾಹೇಬರು ಶೇರವಾನಿ ಎತ್ತಿ ಹಿಡಿದು ಮೋಟಾರಿನ ಕಡೆ ಓಡುವಾಗ ನನ್ನ ಹತ್ತಿರ ಒಂದು ಕ್ಷಣ ನಿಂತರು, ದವಡೆ ಸವರಿಕೊಂಡರು.

"ಪಾವಟಿಗಿ ಕಾಣಾಕತ್ಯಾವ. ಹೆಂಗಸರೂ ಕಾಣಾಕತ್ತಾರ. ನೀನೂ ಕಾಣಕೋತ ಇರು" ಎಂದರು.

ಮುಂದಿನ ವರ್ಷ ನಮ್ಮ ಕಡೆ ಒಳ್ಳೆಯದಿರಲಿಲ್ಲ. ನಿಜಾಮರ ಆಳ್ವಿಕೆ ಮುಗಿಯುವ ಕಾಲ, ಊರೂರಿಗೆ ಗದ್ದಲ, ಅಂಜಿಕೆ. ಸೈಕಲ್ ಗಂಟೆ ಕೇಳಿದರೂ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆ ದಿನಗಳ ದುಃಖವನ್ನು ಬರೆಯಲು ನನಗಿಂತ ತಿಳಿದವರಿದ್ದಾರೆ, ನನಗೆ ಗೊತ್ತಿರುವುದು ಬಾವಿ ಮಾತ್ರ. ನಲವತ್ತೆಂಟರ ಮುಂಗಾರಿನಲ್ಲಿ, ಹೆಸರಿನ ಹೊಲದಲ್ಲಿ ಕಳೆ ತೆಗೆಯುವ ದಿನಗಳಲ್ಲಿ, ಅಂದೋಲಾದ ಕಡೆಯಿಂದ ಬರುವಾಗ ಆ ಊರು ಹೊಕ್ಕೆ. ಓಣಿಯಲ್ಲಿ ನರಪಿಳ್ಳೆ ಇಲ್ಲ. ಕಟ್ಟೆಯ ಮೇಲೆ ಕಾಲು ಚಾಚಿ ಕೂತವರು ಯಾರೂ ಇಲ್ಲ. ಊರು ಬಿಟ್ಟು ಹೋದರೇನೋ ಎಂದು ಸೈಕಲ್ ಬಿಟ್ಟು ಓಡಿದೆ. ಬಾವಿಯ ಹತ್ತಿರ ಹೋದರೆ ಪಾವಟಿಗೆಯ ಮೇಲೆ ನಿಂಬೆವ್ವ ಒಬ್ಬಳೇ ಕೂತಿದ್ದಾಳೆ, ತೊಡೆಯ ಮೇಲೆ ಮೊಮ್ಮಗಳು.

"ಬಂದ್ಯೇನೋ ತಮ್ಮಾ? ನಿನ್ನ ಹಾದೀನೇ ಕಾಯಾಕತ್ತಿದ್ದೆ" ಎಂದಳು ಸಿಟ್ಟಿನಿಂದ. "ಎಂಥಾ ಬಾವಿ ಕಟ್ಟಿದ್ಯೋ ಮಾರಾಯಾ?"

ಗೋಡೆ ಕುಸಿಯಿತೇ, ನೀರು ಉಪ್ಪಾಯಿತೇ ಎಂದು ಕೇಳಿದೆ.

"ನೀರು ಛಲೋನೇ ಅದ. ಮೊದಲ ಕಳೇವು ಬಂದ್ರ ಮನಿಗೆ ಒಬ್ಬರರ ಕಾಲು ಹಿಡಕೊಂಡು ಕುಂದರತಿದ್ರು. ಕೂಸು ನೋಡಾಕ, ರೊಟ್ಟಿ ಕಾಯಾಕ ಆಗತಿತ್ತು. ಈ ವರ್ಷ ಒಬ್ಬರೂ ಕುಂದರಲಿಲ್ಲ. ಮಗ ಹೊಲಕ್ಕ ಹೋದ, ಶರಣಿ ಅವನಕಿಂತ ಮುಂದ ಹೋದ್ಲು. ನಾ ಮುದುಕಿ ಒಬ್ಬಾಕಿ ಏನೇನು ಮಾಡಲಿ? ಹಿಡಿ ಇದನ್ನ, ನಾ ಒಂದು ಕೊಡ ನೀರು ಸೇದತೇನಿ."

ಕೂಸನ್ನು ನನ್ನ ಕೈಗೆ ಕೊಟ್ಟು ಅವಳು ರಾಟೆಯ ಕಡೆ ಹೋದಳು. ನಾರು ಎಂಬ ಮಾತು ಅವಳ ಬಾಯಿಂದ ಬರಲೇ ಇಲ್ಲ, ಆ ಹೆಸರನ್ನೇ ಅವಳು ಮರೆತಂತಿತ್ತು. ಸುಜಾತಾ, ನಿನ್ನ ಕೆಲಸ ಸರಿಯಾಗಿ ಆದರೆ ಗ್ರಾಹಕರು ನಿನಗೆ ಮಾಡುವ ಸನ್ಮಾನ ಇಷ್ಟೇ. ಕೂಸು ನನ್ನ ಎದೆಗೆ ಒದ್ದು, ಕೆಳಗೆ ಬಿಡೆಂದು ಹಟ ಮಾಡಿತು. ಬಿಟ್ಟೆ. ಅದು ಪಾವಟಿಗೆಯ ಅಂಚು ಹಿಡಿದು ಎದ್ದು ನಿಂತು, ತನ್ನ ಎರಡೂ ಪುಟ್ಟ ಕಾಲನ್ನು ಒಂದರ ಮುಂದೆ ಒಂದು ಇಟ್ಟು, ಅಜ್ಜಿಯ ಕಡೆ ನಡೆಯಿತು.